ಬೇಸಿಗೆಯ ಲೋಟದಲ್ಲಿ ವೈನ್: ಲಾಭ ಬೆಳೆಗಾರನಿಗೋ, ಬ್ರ್ಯಾಂಡಿಗೋ?

ಬೇಸಿಗೆ ಕಾಲಿಟ್ಟಿತೆಂದರೆ ಬೆಂಗಳೂರಿನ ಹೋಟೆಲು, ಪಬ್ಬುಗಳ ಮೆನುವಿನಲ್ಲಿ ಸಾಂಗ್ರಿಯಾ, ಸ್ಪ್ರಿಟ್ಜ್ ಮುಂತಾದ ಹೆಸರುಗಳು ರಾರಾಜಿಸತೊಡಗುತ್ತವೆ. ವೈನಿಗೆ ಸೋಡಾ, ಹಣ್ಣು, ಐಸ್ ಬೆರೆಸಿದ ಈ ಪಾನೀಯಗಳನ್ನು ನಗರದ ಶೋಕಿ ಎಂದು ತಳ್ಳಿಹಾಕುವುದು ಸುಲಭ. ಆದರೆ ಇವುಗಳ ಹಿಂದೆ ಜಾಗತಿಕ ವೈನ್ ಉದ್ಯಮದ ಬಿಕ್ಕಟ್ಟಿದೆ. ನಮ್ಮ ದ್ರಾಕ್ಷಿ ಬೆಳೆಗಾರರಿಗೆ ಸಂಬಂಧಿಸಿದ ಪ್ರಶ್ನೆಯೂ ಇದೆ.

ಕುಸಿದ ಬೇಡಿಕೆ

ಅಂತಾರಾಷ್ಟ್ರೀಯ ದ್ರಾಕ್ಷಿ ಮತ್ತು ವೈನ್ ಸಂಸ್ಥೆಯ ಅಂದಾಜಿನಂತೆ 2024ರಲ್ಲಿ ವಿಶ್ವದ ವೈನ್ ಬಳಕೆ ಸುಮಾರು 2,140 ಕೋಟಿ ಲೀಟರಿಗೆ ಇಳಿಯಿತು. 1961ರಿಂದೀಚೆಗೆ ಇದೇ ಅತಿ ಕಡಿಮೆ. 2023ರಲ್ಲಿ ಫ್ರಾನ್ಸ್ ಸರಕಾರವು ಮಾರಾಟವಾಗದ ವೈನನ್ನು ನಾಶಪಡಿಸಲು 20 ಕೋಟಿ ಯೂರೋ ತೆಗೆದಿರಿಸಬೇಕಾಯಿತು. ಊಟದೊಂದಿಗೆ ಕೆಂಪು ವೈನ್ ಕುಡಿಯುವ ಹಳೆಯ ರೂಢಿ ಯೂರೋಪಿನಲ್ಲೇ ಸಡಿಲಗೊಳ್ಳುತ್ತಿರುವಾಗ, ತಣ್ಣನೆಯ ಮಿಶ್ರ ಪಾನೀಯವು ಉದ್ಯಮಕ್ಕೆ ಆಸರೆಯಾಗಿ ಕಂಡಿದೆ.

ಎರಡು ದಾರಿಗಳು

ಇಲ್ಲಿ ಇಟಲಿ ಮತ್ತು ಸ್ಪೇನ್ ಹಿಡಿದ ದಾರಿಗಳು ಬೇರೆ ಬೇರೆ. ಇಟಲಿಯ ಪಡುವಾದಲ್ಲಿ 1919ರಲ್ಲಿ ಹುಟ್ಟಿದ ಅಪೆರೋಲ್ ಎಂಬ ಕಹಿ ಮಿಶ್ರಿತ ಸಿಹಿ ಮದ್ಯವನ್ನು 2003ರಲ್ಲಿ ಕಂಪಾರಿ ಸಮೂಹ ಕೊಂಡುಕೊಂಡಿತು. ಮೂರು ಪಾಲು ಪ್ರೊಸೆಕ್ಕೊ ವೈನ್, ಎರಡು ಪಾಲು ಅಪೆರೋಲ್, ಒಂದು ಪಾಲು ಸೋಡಾ ಎಂಬ ಸೂತ್ರವನ್ನು ಜಗತ್ತಿಗೆಲ್ಲ ಹಬ್ಬಿಸಿತು. ಪ್ರೊಸೆಕ್ಕೊ ಬೆಳೆಗಾರರಿಗೂ ಇದರಿಂದ ಮಾರುಕಟ್ಟೆ ದೊರೆಯಿತೆಂಬುದು ನಿಜ. ಆದರೆ ಪಾನೀಯದ ಹೆಸರು ಕಂಪನಿಯದು.

ಸ್ಪೇನಿನ ‘ತಿಂತೊ ದೆ ವೆರಾನೊ’ಗೆ, ಅಂದರೆ ಬೇಸಿಗೆಯ ಕೆಂಪು ವೈನಿಗೆ, ಒಡೆಯನೇ ಇಲ್ಲ. ಸಾಧಾರಣ ಕೆಂಪು ವೈನ್ ಹಾಗೂ ನಿಂಬೆ ಸೋಡಾ ಸಮಪಾಲು, ಮೇಲೆ ಧಾರಾಳ ಐಸ್, ಅಷ್ಟೇ. ಹಣ್ಣಿನ ಹೋಳುಗಳನ್ನು ವೈನಿನಲ್ಲಿ ಕೆಲವು ಗಂಟೆ ನೆನೆಸಿ ತಣಿಸಿದರೆ ಸಾಂಗ್ರಿಯಾ. ಇದಕ್ಕೆ ದುಬಾರಿ ಬಾಟಲಿ ಬೇಡ. 2014ರ ಐರೋಪ್ಯ ಒಕ್ಕೂಟದ ಕಾಯಿದೆಯು ಸ್ಪೇನ್ ಮತ್ತು ಪೋರ್ಚುಗಲ್‌ಗಳಲ್ಲಿ ತಯಾರಾದುದಕ್ಕೆ ಮಾತ್ರ ಸಾಂಗ್ರಿಯಾ ಎಂಬ ಮಾರಾಟದ ಹೆಸರನ್ನು ಮೀಸಲಿಟ್ಟಿದೆ. ಹೆಸರಿನ ಬೆಲೆ ನೆಲಕ್ಕೆ ಸಲ್ಲಬೇಕೆಂಬುದು ಅಲ್ಲಿಯ ನಿಲುವು.

ಬೆಂಗಳೂರು ನೀಲಿಯ ಪಾಲು

ನಮ್ಮಲ್ಲೇನಿದೆ? ಚಿಕ್ಕಬಳ್ಳಾಪುರ, ಬೆಂಗಳೂರು ಗ್ರಾಮಾಂತರ ಭಾಗದಲ್ಲಿ ಬೆಳೆಯುವ ‘ಬೆಂಗಳೂರು ನೀಲಿ’ ದ್ರಾಕ್ಷಿಗೆ ಭೌಗೋಳಿಕ ಸೂಚಿಯ ಮಾನ್ಯತೆಯಿದೆ. 2007ರಲ್ಲಿ ರಾಜ್ಯ ಸರಕಾರ ವೈನ್ ನೀತಿ ತಂದು ವೈನ್ ಮಂಡಳಿ ಸ್ಥಾಪಿಸಿದ್ದು ಬೆಳೆಗಾರರ ಹಿತವನ್ನು ಮುಂದಿಟ್ಟುಕೊಂಡೇ. 2020ರ ಲಾಕ್‌ಡೌನ್ ಕಾಲದಲ್ಲಿ ಕೊಳ್ಳುವವರಿಲ್ಲದೆ ದ್ರಾಕ್ಷಿ ತೋಟಗಳಲ್ಲೇ ಕೊಳೆತದ್ದನ್ನು ಕಂಡವರಿಗೆ ಸಂಸ್ಕರಣೆಯ ಅಗತ್ಯವನ್ನು ಬೇರೆ ಹೇಳಬೇಕಿಲ್ಲ.

ಗಾಢ ಪರಿಮಳದ ಈ ದ್ರಾಕ್ಷಿಯ ಸಿಹಿ ವೈನನ್ನು ವೈನ್ ಪಂಡಿತರು ಹಗುರವಾಗಿ ಕಾಣುವುದುಂಟು. ಆದರೆ ನಿಂಬೆ, ಕಿತ್ತಳೆ, ಸೋಡಾದ ಜೊತೆಗೆ ಆ ಪರಿಮಳವೇ ಗುಣವಾಗಬಲ್ಲದು, ಸಕ್ಕರೆಯನ್ನೂ ಸೇರಿಸಬೇಕಿಲ್ಲ. ಹೊರದೇಶದ ಹೆಸರು ಹೊತ್ತ ಪಾನೀಯಕ್ಕೆ ಹೊರದೇಶದ ಬಾಟಲಿಯೇ ಬೇಕೆಂಬ ನಿಯಮವೇನೂ ಇಲ್ಲ. ಭಾರತ-ಆಸ್ಟ್ರೇಲಿಯ ಒಪ್ಪಂದವು 2022ರ ಡಿಸೆಂಬರಿನಲ್ಲಿ ಜಾರಿಗೆ ಬಂದ ಮೇಲೆ ಅಲ್ಲಿಯ ದುಬಾರಿ ವೈನುಗಳ ಮೇಲಿನ ಸುಂಕ ಹಂತಹಂತವಾಗಿ ಇಳಿಯುತ್ತಿದೆ. ಸ್ಥಳೀಯ ವೈನಿಗೆ ತನ್ನದೇ ಜಾಗ ಹುಡುಕಿಕೊಳ್ಳುವುದು ಅನಿವಾರ್ಯ.

ಹಗುರವೆಂಬ ಭ್ರಮೆ

ಇನ್ನೊಂದು ಮುಖವನ್ನು ಮರೆಮಾಚುವುದು ಸಲ್ಲದು. ಶೇ. 12ರಷ್ಟು ಮದ್ಯಸಾರದ ವೈನಿಗೆ ಸಮಪಾಲು ಸೋಡಾ ಬೆರೆಸಿದರೆ ಪ್ರಮಾಣ ಶೇ. 6ಕ್ಕೆ ಇಳಿಯುತ್ತದೆ. ಆದರೆ ಅಪೆರೋಲ್ ಮತ್ತು ಪ್ರೊಸೆಕ್ಕೊ ಎರಡರಲ್ಲೂ ಶೇ. 11ರ ಆಸುಪಾಸಿನಲ್ಲಿ ಮದ್ಯಸಾರವಿರುವುದರಿಂದ, ಮೇಲಿನ ಸೂತ್ರದಂತೆ ಬೆರೆಸಿದ ಸ್ಪ್ರಿಟ್ಜ್‌ನಲ್ಲಿ ಐಸ್ ಕರಗುವ ಮುನ್ನ ಶೇ. 9ರಷ್ಟು ಉಳಿದಿರುತ್ತದೆ. ಶರಬತ್ತಿನಂತೆ ಗಂಟಲಿಗಿಳಿಯುವ ಈ ಪಾನೀಯ ನಮ್ಮ ‘ಸ್ಟ್ರಾಂಗ್’ ಬಿಯರಿಗಿಂತಲೂ ಕಡಿಮೆಯದಲ್ಲ. ಮದ್ಯಸಾರದ ಯಾವ ಪ್ರಮಾಣವೂ ಆರೋಗ್ಯಕ್ಕೆ ಸುರಕ್ಷಿತವಲ್ಲವೆಂದು ವಿಶ್ವ ಆರೋಗ್ಯ ಸಂಸ್ಥೆ 2023ರ ಜನವರಿಯಲ್ಲಿ ಸ್ಪಷ್ಟಪಡಿಸಿದೆ. ಬಿಸಿಲಿನ ದಾಹಕ್ಕೆ ನೀರು, ಮಜ್ಜಿಗೆಯೇ ಮದ್ದು, ವೈನಲ್ಲ.

ಹೀಗಾಗಿ ಮೆನುವಿನಲ್ಲಿ ಎರಡು ಸಂಗತಿಗಳು ನಮೂದಾಗಲಿ: ವೈನ್ ಯಾವ ನೆಲದ ದ್ರಾಕ್ಷಿಯದು ಹಾಗೂ ಲೋಟದಲ್ಲಿರುವ ಮದ್ಯಸಾರವೆಷ್ಟು. ಮೊದಲನೆಯದು ಬೆಳೆಗಾರನಿಗೆ ಸಲ್ಲಬೇಕಾದ ನ್ಯಾಯ, ಎರಡನೆಯದು ಗ್ರಾಹಕನಿಗೆ. ಬೆಳೆಗಾರರ ಹೆಸರಿನಲ್ಲಿ ಹುಟ್ಟಿದ ವೈನ್ ಮಂಡಳಿ ಉತ್ಸವಗಳ ಆಚೆಗೆ ಇಷ್ಟನ್ನಾದರೂ ಮಾಡಿಸಬಾರದೇಕೆ?