ಮಾಳಿಗೆಯ ಡಬ್ಬಿ, ನೆಲದೊಳಗಿನ ಕೇಬಲ್

ಆಳಂದ, ಅಫಜಲಪುರ, ಜೇವರ್ಗಿಯಂಥ ತಾಲ್ಲೂಕು ಪಟ್ಟಣಗಳಲ್ಲಿ ಮನೆಗೆ ನೆಟ್ ಹಾಕಿಸಬೇಕೆಂದವರು ಮೊದಲು ವಿಚಾರಿಸಬೇಕಾದದ್ದು, ತಮ್ಮ ಓಣಿಗೆ ಫೈಬರ್ ಕೇಬಲ್ ಬಂದಿದೆಯೇ ಎಂದು. ಬಂದಿಲ್ಲವೆಂದರೆ ಉಳಿಯುವುದು ಏರ್‌ಫೈಬರ್: ಮಾಳಿಗೆಯ ಮೇಲೊಂದು ಡಬ್ಬಿ, ಅದು 5ಜಿ ಟವರ್‌ನಿಂದ ಸಿಗ್ನಲ್ ಹಿಡಿದು ಮನೆಗೆಲ್ಲ ವೈಫೈ ಕೊಡುತ್ತದೆ. ದೇಶದಲ್ಲಿ 2023ರ ಆಗಸ್ಟ್‌ನಲ್ಲಿ ಏರ್‌ಟೆಲ್, ಮರುತಿಂಗಳು ಜಿಯೊ ಈ ಸೇವೆ ಆರಂಭಿಸಿದವು.

ರಸ್ತೆ ಅಗೆಯದೆ, ಕಂಬ ಹುಡುಕದೆ ಒಂದೇ ದಿನದಲ್ಲಿ ಕೆಲಸ ಮುಗಿಯುವುದು ಸಣ್ಣ ಅನುಕೂಲವೇನಲ್ಲ. ಎರೆ ಭೂಮಿ ಬೇಸಿಗೆಯಲ್ಲಿ ಬಾಯಿಬಿಟ್ಟು ಮಳೆಗೆ ಉಬ್ಬುವ ಸೀಮೆಯಿದು. ಇಲ್ಲಿ ಕೇಬಲ್ ಹೂಳುವುದೂ ಕಾಯುವುದೂ ಕಷ್ಟ. ಜೆಸಿಬಿಯ ಕಾಟ ಬೇರೆ. ದೇಶದಲ್ಲಿ ವರ್ಷಕ್ಕೆ ಸುಮಾರು 10 ಲಕ್ಷ ಕಡೆ ಫೈಬರ್ ತುಂಡಾಗುತ್ತದೆ, ನಷ್ಟ 3000 ಕೋಟಿ ರೂಪಾಯಿ ಎಂದು ಕೇಂದ್ರ ಸರ್ಕಾರವೇ 2023ರಲ್ಲಿ ಹೇಳಿತ್ತು.

ಆದರೂ ಪಟ್ಟಣದ ಮನೆಗಳು ಡಬ್ಬಿಗೇ ತೃಪ್ತಿಪಡಬಾರದು.

ಟವರ್‌ನ ಸಾಮರ್ಥ್ಯವನ್ನು ಸುತ್ತಲಿನ ಮೊಬೈಲ್‌ಗಳೂ ಮನೆಗಳೂ ಹಂಚಿಕೊಳ್ಳಬೇಕು. ಅಫಜಲಪುರ ತಾಲ್ಲೂಕಿನ ಗಾಣಗಾಪುರದಲ್ಲಿ ಹುಣ್ಣಿಮೆಗೆ ಭಕ್ತರು ನೆರೆದಾಗ ಅವರ ಫೋನುಗಳೂ ಅದೇ ಟವರ್‌ಗೆ ಜೋತುಬೀಳುತ್ತವೆ. ಸಂಜೆ ಎಲ್ಲರೂ ಒಟ್ಟಿಗೆ ವಿಡಿಯೊ ನೋಡುವ ಹೊತ್ತಿಗೆ ಆನ್‌ಲೈನ್ ಪಾಠ ಕೇಳುವ ವಿದ್ಯಾರ್ಥಿಗೆ ತಡವರಿಸುವ ಚಿತ್ರ ಸಿಗುತ್ತದೆ. ಫೈಬರ್‌ನಲ್ಲೂ ಹಂಚಿಕೆ ಇದೆ, ನಿಜ. ಆದರೆ ಮನೆಗಳಿಗೆ ಫೈಬರ್ ಕೊಡುವ ಸಾಮಾನ್ಯ ಜಿಪಾನ್ ವ್ಯವಸ್ಥೆಯಲ್ಲಿ ಒಂದು ಎಳೆ ಸೆಕೆಂಡಿಗೆ 2.5 ಗಿಗಾಬಿಟ್ ಹೊತ್ತು 32 ಅಥವಾ 64 ಮನೆಗಳಿಗೆ ಮಾತ್ರ ಹಂಚುತ್ತದೆ. ದಾರಿಯಲ್ಲಿ ಹೋಗುವವರ ಫೋನು ಅದರಲ್ಲಿ ಪಾಲು ಕೇಳುವುದಿಲ್ಲ. ಎಳೆ ಕವಲೊಡೆಯುವಲ್ಲಿ ಕರೆಂಟೂ ಬೇಕಿಲ್ಲ. ಮನೆಯ ರೂಟರ್‌ಗೆ ಸಣ್ಣ ಬ್ಯಾಟರಿ ಇದ್ದರೆ, ಓಣಿಯಲ್ಲಿ ಕರೆಂಟ್ ಹೋದರೂ ನೆಟ್ ನಡೆಯುತ್ತದೆ.

ಇನ್ನೊಂದು ಮಾತು ಜಾಹೀರಾತಿನಲ್ಲಿ ಕಾಣುವುದಿಲ್ಲ: 5ಜಿ ಟವರ್ ಚೆನ್ನಾಗಿ ಓಡಬೇಕಾದರೆ ಅದರ ಬುಡಕ್ಕೂ ಫೈಬರ್ ಬೇಕು. ಅಂದಮೇಲೆ ಕೇಬಲ್ ಎಳೆಯುವುದು ಹೇಗೂ ತಪ್ಪದು. ಗ್ರಾಮ ಪಂಚಾಯಿತಿಗಳಿಗೆ ಕೇಬಲ್ ಒಯ್ಯುವ ಭಾರತ್‌ನೆಟ್‌ಗೆ ಕೇಂದ್ರವು 2023ರ ಆಗಸ್ಟ್‌ನಲ್ಲಿ 1,39,579 ಕೋಟಿ ರೂಪಾಯಿಯ ಪರಿಷ್ಕೃತ ಯೋಜನೆ ಒಪ್ಪಿತು. ಹಳ್ಳಿಗೆ ಎಳೆಯುವ ಉತ್ಸಾಹ ತಾಲ್ಲೂಕು ಪಟ್ಟಣದ ಓಣಿಗಳಿಗೂ ಬರಬೇಕು. ಚರಂಡಿಗೋ ನಲ್ಲಿ ನೀರಿಗೋ ನೆಲ ಅಗೆದಾಗಲೇ ಪುರಸಭೆಗಳು ಒಂದು ಖಾಲಿ ಕೊಳವೆ ಹೂತಿಡಲಿ. ಆಮೇಲೆ ಯಾವ ಕಂಪನಿ ಬಂದರೂ ಬಾಡಿಗೆ ಕೊಟ್ಟು ಅದರೊಳಗೆ ಕೇಬಲ್ ಎಳೆದುಕೊಳ್ಳಬಹುದು. ಸಿಸಿ ರಸ್ತೆ ಮತ್ತೆ ಒಡೆಯಬೇಕಾಗುವುದಿಲ್ಲ. ಅಲ್ಲಿಯವರೆಗೆ ಕೇಬಲ್ ಬರದ ಓಣಿಯವರು ಡಬ್ಬಿ ಹಾಕಿಸಿಕೊಳ್ಳಲಿ, ಜೊತೆಗೆ ತಮ್ಮ ವಾರ್ಡಿನ ಸದಸ್ಯರಲ್ಲಿ ಈ ಕೊಳವೆಯನ್ನೂ ಕೇಳಲಿ.