ಬಿಚ್ಚುವ ಮೊದಲು ಕೇಳಿ

ನನಗಿನ್ನೂ ಹದಿನೆಂಟು ತುಂಬಿಲ್ಲ. ಬೈಕ್ ಓಡಿಸುವವರು ಅಬ್ಬಾ, ನಾನು ಹಿಂದಿನ ಸೀಟಿನವನು. (ಪ್ರಿನ್ಸಿಪಾಲ್ ಸರ್ ಓದುತ್ತಾರೆಂದು ಮೊದಲೇ ಹೇಳಿಬಿಡುತ್ತಿದ್ದೇನೆ.) ನಮ್ಮದು 2006ರ ಮಾಡೆಲ್, 100 ಸಿಸಿ, ಕಾರ್ಬೊರೇಟರ್ ಇರುವ ಗಾಡಿ. ಅಬ್ಬಾ ಬೆಳಗಿನ ಜಾವ ಬೇಕರಿಯಿಂದ ಬನ್ನು, ಬ್ರೆಡ್ಡು, ರಸ್ಕು ತುಂಬಿಕೊಂಡು ಸುತ್ತಲಿನ ಹಳ್ಳಿಗಳ ಚಹಾದಂಗಡಿಗಳಿಗೆ ಹಾಕಿ ಬರುತ್ತಾರೆ. ಏಳು ಗಂಟೆಯೊಳಗೆ ಬನ್ನು ತಲುಪದಿದ್ದರೆ ಅಂಗಡಿಯವರಿಗೆ ಅದು ಬೇಡ. ಆಮೇಲೆ ಚಹಾಕ್ಕೆ ಬರುವವರು ಯಾರು?

ಈ ಮಳೆಗಾಲದ ಆರಂಭದಲ್ಲಿ ಗಾಡಿ ದಾರಿ ಮಧ್ಯೆ ನಿಲ್ಲತೊಡಗಿತು. ಮನೆಯಿಂದ ಒಂದೇ ಕಿಕ್ಕಿಗೆ ಸ್ಟಾರ್ಟ್. ಐದಾರು ಕಿಲೋಮೀಟರ್ ಹೋದ ಮೇಲೆ ಎಳೆತ ಕಡಿಮೆಯಾಗಿ, ಕೆಮ್ಮಿದ ಹಾಗೆ ಮಾಡಿ ಆಫ್. ಅಬ್ಬಾ ಇಳಿದು ಟ್ಯಾಂಕಿನ ಮುಚ್ಚಳ ತೆಗೆದು ಪೆಟ್ರೋಲ್ ಇದೆಯೇ ಎಂದು ನೋಡುತ್ತಿದ್ದರು. ಇರುತ್ತಿತ್ತು. ಸ್ವಲ್ಪ ಹೊತ್ತು ಬಿಟ್ಟು ಒದ್ದರೆ ಮತ್ತೆ ಸ್ಟಾರ್ಟ್. "ಮುದಿ ಎತ್ತು, ದಣಿವಾರಿಸಿಕೊಳ್ಳುತ್ತದೆ" ಎನ್ನುತ್ತಿದ್ದರು.

ಮೊದಲ ಗ್ಯಾರೇಜಿನಲ್ಲಿ ಸ್ಪಾರ್ಕ್ ಪ್ಲಗ್ ಬದಲಾಯಿತು. ಎರಡು ದಿನ ಬಿಟ್ಟು ಕಾರ್ಬೊರೇಟರ್ ಬಿಚ್ಚಿ ತೊಳೆದರು. ಇನ್ನೊಂದು ಕಡೆ "ಕಾಯಿಲ್ ಹೋಗಿದೆ" ಎಂದು ಕಾಯಿಲ್ ಹಾಕಿದರು. ಕೊನೆಗೆ ಕಾರ್ಬೊರೇಟರನ್ನೇ ಹೊಸದು ತಂದೆವು. ಮೂರು ವಾರ, ಸುಮಾರು 3,000 ರೂಪಾಯಿ. ಪ್ರತಿ ಸಲ ಗ್ಯಾರೇಜಿನ ಮುಂದೆ ಒಂದು ಸುತ್ತು ಹೊಡೆದಾಗ ಗಾಡಿ ಚಿನ್ನದಂತೆ ಓಡುತ್ತಿತ್ತು; ಮರುದಿನ ಬೆಳಿಗ್ಗೆ ಅದೇ ಸೇತುವೆಯ ಹತ್ತಿರ ಅದೇ ಕೆಮ್ಮು. ಅಷ್ಟರಲ್ಲಿ ಮೂರು ಅಂಗಡಿಯವರು ಬೇರೆ ಲೈನಿನವರಿಂದ ಬನ್ನು ತೆಗೆದುಕೊಳ್ಳಲು ಶುರು ಮಾಡಿದ್ದರು. ಗಾಡಿಯನ್ನು ಗುಜರಿಗೆ ಕೊಟ್ಟು ಸಾಲದಲ್ಲಿ ಹೊಸದು ತೆಗೆಯುವ ಮಾತು ರಾತ್ರಿ ಊಟದ ಹೊತ್ತಿಗೆ ಬರುತ್ತಿತ್ತು. ಅಮ್ಮಿ ಮಾತಾಡದೆ ರೊಟ್ಟಿ ಬಡಿಸುತ್ತಿದ್ದರು.

ಅಬ್ಬಾಗೆ ಪೆಟ್ರೋಲಿನ ಮೇಲೂ ಅನುಮಾನವಿತ್ತು. ಈಗಿನ ಪೆಟ್ರೋಲಿನಲ್ಲಿ ಎಥನಾಲ್ ಬೆರೆತಿರುತ್ತದೆ. ಎಥನಾಲ್ ನೀರನ್ನು ಎಳೆದುಕೊಳ್ಳುತ್ತದೆ. ನೀರು ಹೆಚ್ಚಾದರೆ ಎರಡೂ ಸೇರಿ ಪೆಟ್ರೋಲಿನಿಂದ ಬೇರ್ಪಟ್ಟು ತಳಕ್ಕೆ ಇಳಿಯುತ್ತವೆ. ನಿಂತು ನಿಂತು ಓಡುವ ಹಳೆಯ ಗಾಡಿಗಳಿಗೆ ಇದು ನಿಜವಾದ ತೊಂದರೆಯೇ. ಗಾಜಿನ ಬಾಟಲಿಗೆ ಒಂದಿಷ್ಟು ಪೆಟ್ರೋಲ್ ಇಳಿಸಿ, ಒಲೆಯಿಂದ ದೂರ ಅಂಗಳದಲ್ಲಿಟ್ಟು ನೋಡಿದೆವು. ತಳದಲ್ಲಿ ಯಾವ ಪದರವೂ ಕಾಣಲಿಲ್ಲ. ಬಂಕಿನವರನ್ನು ಸುಮ್ಮನೆ ಬೈದಿದ್ದೆವು.

ಇದನ್ನೆಲ್ಲ ಒಂದು ದಿನ ಕ್ಲಾಸಿನಲ್ಲಿ ಗೆಳೆಯನಿಗೆ ಹೇಳಿದೆ. ಅವನು ಸಂಜೆ ಹೊತ್ತು ತನ್ನ ಮಾಮೂವಿನ ಶೆಡ್ಡಿನಲ್ಲಿರುತ್ತಾನೆ. ಗಾಡಿ ನೋಡುವ ಮೊದಲೇ ನಾಲ್ಕು ಪ್ರಶ್ನೆ ಕೇಳಿದ. ಸ್ವಿಚ್ ಒತ್ತಿದಂತೆ ಥಟ್ಟನೆ ಆಫ್ ಆಗುತ್ತದೆಯೋ, ನಿಧಾನವಾಗಿ ಸಾಯುತ್ತದೆಯೋ? ಹ್ಯಾಂಡಲ್ ತಿರುಗಿಸಿದಾಗಲೋ, ಸಿಗ್ನಲ್ಲಿನಲ್ಲಿ ನಿಂತಾಗಲೋ, ಓಡುವಾಗಲೋ? ಟ್ಯಾಂಕ್ ತುಂಬಿದ್ದಾಗ ಹೆಚ್ಚೋ, ಖಾಲಿ ಇದ್ದಾಗಲೋ? ನಿಂತ ಮೇಲೆ ನೀವು ಏನೇನು ಮುಟ್ಟುತ್ತೀರಿ?

ಮೂರು ವಾರದಲ್ಲಿ ಯಾರೂ ಇದನ್ನು ಕೇಳಿರಲಿಲ್ಲ. ನಾವೂ ಹೇಳಿರಲಿಲ್ಲ, "ಗಾಡಿ ಆಫ್ ಆಗ್ತಾ ಇದೆ" ಎಂದಷ್ಟೇ ಹೇಳಿ ಚಾವಿ ಕೊಟ್ಟು ಬಂದಿದ್ದೆವು. ಥಟ್ಟನೆ ಸತ್ತರೆ ಮೊದಲು ಕರೆಂಟಿನ ಕಡೆ ನೋಡಬೇಕಂತೆ. ಬಿಸಿಯಾದಾಗ ಕೈಕೊಡುವ ಕಾಯಿಲ್ ಇರಬಹುದು, ಹ್ಯಾಂಡಲ್ ಕೆಳಗೆ ಸವೆದ ವೈರ್ ಇರಬಹುದು. ನಿಂತಾಗ ಮಾತ್ರ ಆಫ್ ಆದರೆ ಪೈಲಟ್ ಜೆಟ್ಟಿನಲ್ಲಿ ಕಸವಿರಬಹುದು. ನಿಧಾನವಾಗಿ ಉಸಿರುಗಟ್ಟಿದರೆ ಪೆಟ್ರೋಲ್ ಬರುತ್ತಿಲ್ಲ. ನಮ್ಮದು ಮೂರನೆಯದು. ಅಷ್ಟೇ ಅಲ್ಲ, ಟ್ಯಾಂಕ್ ತುಂಬಿಸಿದ ಮರುದಿನ ಬೇಗ ನಿಲ್ಲುತ್ತಿತ್ತು, ಪೆಟ್ರೋಲ್ ಇಳಿದಂತೆ ಹೆಚ್ಚು ದೂರ ಹೋಗುತ್ತಿತ್ತು. ಅದು ನನಗೆ ಗೊತ್ತೇ ಇತ್ತು, ಅದಕ್ಕೊಂದು ಅರ್ಥವಿದೆ ಎಂದು ಹೊಳೆದಿರಲಿಲ್ಲ.

ಸಂಜೆ ಬಂದು ಟ್ಯಾಂಕಿನ ಮುಚ್ಚಳ ತಿರುಗಿಸಿ ನೋಡಿದ. ಮುಚ್ಚಳದಲ್ಲಿ ಗಾಳಿ ಒಳಹೋಗಲು ಸೂಜಿಮೊನೆಯಷ್ಟು ತೂತಿರುತ್ತದೆ. ಮೊದಲ ಮಳೆಗೆ ಟ್ಯಾಂಕಿಗೆ ನೀರು ಇಳಿಯದಿರಲಿ ಎಂದು ಅಬ್ಬಾ ಮುಚ್ಚಳಕ್ಕೆ ಚೆನ್ನಾಗಿ ಗ್ರೀಸ್ ಮೆತ್ತಿದ್ದರು. ಮೇಲೆ ಧೂಳು ಕೂತು ಗಾರೆಯಂತೆ ಆಗಿತ್ತು. ಸೇಫ್ಟಿ ಪಿನ್ನು, ಒಂದು ಹಳೆಯ ಬಟ್ಟೆ. ಹತ್ತು ನಿಮಿಷ.

ಅಮ್ಮಿ ಎಣ್ಣೆ ಡಬ್ಬಕ್ಕೆ ಯಾವಾಗಲೂ ಎರಡು ತೂತು ಹೊಡೆಯುತ್ತಾರೆ. ಒಂದೇ ಹೊಡೆದರೆ ಎಣ್ಣೆ ಗುಳುಗುಳು ಎಂದು ತಡೆದು ತಡೆದು ಬೀಳುತ್ತದೆ. ಅದೇ ವಿಷಯ. ಅಬ್ಬಾ ಪ್ರತಿ ಸಲ ಪೆಟ್ರೋಲ್ ನೋಡಲು ಮುಚ್ಚಳ ತೆಗೆದಾಗ ಒಳಗೆ ಗಾಳಿ ಹೋಗುತ್ತಿತ್ತು, ಗಾಡಿ ಹೊರಡುತ್ತಿತ್ತು. ಮದ್ದು ದಿನಾ ಕೊಡುತ್ತಿದ್ದೆವು, ಅದು ಮದ್ದು ಎಂದು ಗೊತ್ತಿರಲಿಲ್ಲ.

ಆ ರಾತ್ರಿ ಲೆಕ್ಕ ಮಾಡಿ ನೋಡಿದೆ. ಹತ್ತು ಲೀಟರಿನ ಟ್ಯಾಂಕಿನಲ್ಲಿ 8 ಲೀಟರ್ ಪೆಟ್ರೋಲ್ ಇದ್ದರೆ ಮೇಲೆ 2 ಲೀಟರ್ ಗಾಳಿ. ಅಲ್ಲಿಂದ ಕಾರ್ಬೊರೇಟರಿಗೆ ಸುಮಾರು 30 ಸೆಂ.ಮೀ. ಅಷ್ಟು ಎತ್ತರದ ಪೆಟ್ರೋಲ್ ಕೊಡುವ ಒತ್ತಡ ವಾಯುಮಂಡಲದ ಒತ್ತಡದ ಸುಮಾರು ಶೇ. 2 ಮಾತ್ರ. ಹಾಗಾಗಿ ಟ್ಯಾಂಕಿನೊಳಗಿನ ಒತ್ತಡ ಶೇ. 2ರಷ್ಟು ಕುಸಿದರೆ ಪೆಟ್ರೋಲ್ ಇಳಿಯುವುದು ನಿಲ್ಲುತ್ತದೆ. ಬಾಯ್ಲ್ ನಿಯಮದಂತೆ ಅದಕ್ಕೆ 40 ಮಿ.ಲೀ. ಖರ್ಚಾದರೆ ಸಾಕು. ಲೀಟರಿಗೆ 55 ಕೊಡುವ ಗಾಡಿಗೆ ಅದು ಎರಡು ಕಿ.ಮೀ. ಚಿಲ್ಲರೆ. ಪೆಟ್ರೋಲಿನ ಆವಿಯೂ ಒಂದಿಷ್ಟು ಒತ್ತಡ ತುಂಬುತ್ತದೆ, ಕಾರ್ಬೊರೇಟರಿನ ಬಟ್ಟಲಿನಲ್ಲೂ ಸ್ವಲ್ಪ ಪೆಟ್ರೋಲ್ ಇರುತ್ತದೆ. ಎಲ್ಲ ಸೇರಿದರೆ ನಮ್ಮ ಸೇತುವೆಗೆ ಹತ್ತಿರ ಬರುತ್ತದೆ. ಟ್ಯಾಂಕ್ ಖಾಲಿಯಾದಂತೆ ಗಾಳಿಯ ಜಾಗ ಹೆಚ್ಚುತ್ತದೆ, ದೂರವೂ ಹೆಚ್ಚುತ್ತದೆ. ಬಾಯ್ಲ್ ನಿಯಮದ ಪ್ರಶ್ನೆಗೆ ಟೆಸ್ಟಿನಲ್ಲಿ ನನಗೆ ಪೂರ್ತಿ ಅಂಕ ಬಂದಿತ್ತು.

ನಾನು ಹೇಳಬೇಕೆಂದಿರುವುದು ಇದು. ನಮ್ಮ ಪ್ರಾಕ್ಟಿಕಲ್‌ನಲ್ಲಿ ಉಪಕರಣ ಮೊದಲೇ ಸರಿಯಾಗಿರುತ್ತದೆ, ಉತ್ತರ ಮೊದಲೇ ಗೊತ್ತಿರುತ್ತದೆ, ರೆಕಾರ್ಡ್ ಬುಕ್ ಹೋದ ವರ್ಷದವರದ್ದು ಸಿಗುತ್ತದೆ. ಕೆಟ್ಟದ್ದೊಂದನ್ನು ಮುಂದಿಟ್ಟು "ಯಾಕೆ ಕೆಟ್ಟಿದೆ, ಏನನ್ನೂ ಬದಲಿಸದೆ ಹೇಳಿ" ಎಂದು ಯಾರೂ ಕೇಳುವುದಿಲ್ಲ. ತಿಂಗಳಿಗೊಂದು ಶನಿವಾರ ಲ್ಯಾಬಿನ ಹೊರಗಿನ ಜಗಲಿಯಲ್ಲಿ ಅಂಥದ್ದೊಂದು ನಡೆಯಲಿ. ಪಾಠ ಹೇಳಲು ನನ್ನ ಗೆಳೆಯನನ್ನೇ ಕರೆಯಿರಿ.

ಅಧ್ಯಾಪಕರಲ್ಲಿ ಇನ್ನೊಂದು ವಿನಂತಿ. ಅಂಕ ಕಡಿಮೆ ಬಂದವರಿಗೆ "ಹೋಗಿ ಗ್ಯಾರೇಜ್ ಸೇರ್ಕೋ" ಎನ್ನುವುದನ್ನು ದಯವಿಟ್ಟು ಬಿಡಿ. ಹೇಳುವವರಿಗೆ ಅದು ಬರೀ ಮಾತು. ಆದರೆ ನಮ್ಮ ಬೆಂಚುಗಳಲ್ಲಿ ಕೂತಿರುವ ಎಷ್ಟೋ ಜನರ ಅಬ್ಬಾ, ಚಾಚಾ, ಮಾಮೂ ಅಲ್ಲೇ ದುಡಿಯುವವರು. ನನ್ನ ಗೆಳೆಯ ಕ್ಲಾಸಿನಲ್ಲಿ ಉಗುರಿನ ಕಪ್ಪು ಕಾಣದಂತೆ ಕೈಯನ್ನು ಡೆಸ್ಕಿನ ಕೆಳಗೆ ಇಟ್ಟುಕೊಳ್ಳುತ್ತಾನೆ. ಈ ಲೇಖನದಲ್ಲಿ ಹೆಸರು ಹಾಕಬೇಡ ಎಂದದ್ದೂ ಅವನೇ.

ಮೂರು ಅಂಗಡಿಗಳಲ್ಲಿ ಎರಡು ವಾಪಸ್ ಬಂದಿವೆ. ಏನೂ ತಪ್ಪು ಮಾಡದೆ ಮನೆಯಲ್ಲಿ ಕೂತಿರುವ ಹಳೆಯ ಕಾರ್ಬೊರೇಟರನ್ನು ಲ್ಯಾಬಿಗೆ ಕೊಡಲು ಅಬ್ಬಾ ಒಪ್ಪಿದ್ದಾರೆ. ಸೋಮವಾರ ತರುತ್ತೇನೆ.