ಬೆಟ್ಟ ಹತ್ತುವವರ ಉಡುಪು ಮತ್ತು ನಮ್ಮ ಮಗ್ಗಗಳು

ಕಳೆದ ಚಳಿಗಾಲದಲ್ಲಿ ಕಕ್ಷಿದಾರರೊಬ್ಬರ ಲೆಕ್ಕಪತ್ರಗಳ ಪರಿಶೀಲನೆ ಮುಗಿಸಿ ಕುಳಗೇರಿ ಕ್ರಾಸಿನಲ್ಲಿ ಹುಬ್ಬಳ್ಳಿಯ ಬಸ್ಸಿಗಾಗಿ ಕಾಯುತ್ತಿದ್ದೆ. ಬಾದಾಮಿಯ ಕಡೆಗೆ ತಿರುಗುವ ರಸ್ತೆಯ ಬದಿಯ ಚಹಾದಂಗಡಿಯ ಮುಂದೆ ಬೆನ್ನಿಗೆ ಹಗ್ಗದ ಚೀಲ ಹೊತ್ತ ಮೂವರು ವಿದೇಶೀಯರು ನಿಂತಿದ್ದರು. ಬಾದಾಮಿಯ ಮರಳುಗಲ್ಲಿನ ಬಂಡೆಗಳನ್ನೇರಲು ಚಳಿಗಾಲದಲ್ಲಿ ಇಂಥವರು ಬರುವುದು ನಮಗೆ ಹೊಸತಲ್ಲ. ಅವರಲ್ಲೊಬ್ಬರ ಉಡುಪು ಮಾತ್ರ ಹೊಸದಾಗಿತ್ತು. ಸೊಂಟದಿಂದ ಮೊಣಕಾಲಿನವರೆಗೆ ಸುತ್ತಿಕೊಂಡ ತೆಳುಬಟ್ಟೆ, ಹಿಂಬದಿಯಲ್ಲಿ ನೆರಿಗೆ, ಬದಿಯಲ್ಲಿ ಗುಂಡಿ, ಎರಡು ದೊಡ್ಡ ಕಿಸೆ. ವಿಚಾರಿಸಲಾಗಿ, ಅದಕ್ಕೆ ಕಿಲ್ಟ್ ಎನ್ನುತ್ತಾರೆಂದೂ, ಬೆಟ್ಟಗುಡ್ಡಗಳ ನಡಿಗೆಗಾಗಿಯೇ ಹೊಲಿದದ್ದೆಂದೂ, ನಮ್ಮ ರೂಪಾಯಿಯಲ್ಲಿ ಸುಮಾರು ಒಂಬತ್ತು ಸಾವಿರ ಕೊಟ್ಟು ಕೊಂಡದ್ದೆಂದೂ ತಿಳಿಸಿದರು. ಪಕ್ಕದಲ್ಲಿದ್ದ ಬಟ್ಟೆ ಅಂಗಡಿಯ ಹಿರಿಯರು, "ಸಾಹೇಬ್ರ, ಇದಕ್ಕ ನಾವು ಲುಂಗಿ ಅಂತೀವಿ. ನಮ್ಮ ಅಂಗಡ್ಯಾಗ ಇನ್ನೂರಕ್ಕ ಒಂದು ಸಿಗತೈತಿ" ಎಂದು ನಕ್ಕರು.

ನಾನೂ ನಕ್ಕೆ. ಆದರೆ ಬಸ್ಸಿನಲ್ಲಿ ಕುಳಿತ ಮೇಲೆ ಇನ್ನೂರು ಮತ್ತು ಒಂಬತ್ತು ಸಾವಿರದ ನಡುವಿನ ಅಂತರ ಮನಸ್ಸನ್ನು ಕೊರೆಯತೊಡಗಿತು. ಮುಂದಿನ ವಾರ ಅದೇ ಅಂಗಡಿಯಲ್ಲಿ ಒಂದು ಲುಂಗಿ ಕೊಂಡೆ. ಅದರ ಚೀಟಿಯ ಮೇಲೆ ತಮಿಳುನಾಡಿನ ಊರೊಂದರ ಹೆಸರಿತ್ತು. ಇಳಕಲ್ಲ, ಗುಳೇದಗುಡ್ಡ, ರಬಕವಿ-ಬನಹಟ್ಟಿಯಂಥ ಮಗ್ಗದ ಊರುಗಳಿರುವ ನಮ್ಮ ಜಿಲ್ಲೆಯಲ್ಲಿ ನಾವು ಉಡುವ ಲುಂಗಿಯೂ ಹೊರಗಿನಿಂದ ಬರುತ್ತಿದೆ. ಅದನ್ನೇ ಕತ್ತರಿಸಿ ಹೊಲಿದು ಒಂಬತ್ತು ಸಾವಿರಕ್ಕೆ ಮಾರುವ ವ್ಯಾಪಾರವೂ ಹೊರಗಿನವರದೇ ಆಗಿದೆ. ಸದಸ್ಯ ಬಾಂಧವರು ಇದನ್ನು ಯೋಚಿಸಬೇಕೆಂಬುದೇ ಈ ಲೇಖನದ ಉದ್ದೇಶ.

ಕಿಲ್ಟ್ ಬಂದ ದಾರಿ

ಕಿಲ್ಟ್ ಸ್ಕಾಟ್ಲೆಂಡಿನ ಗುಡ್ಡಗಾಡು ಜನರ ಉಡುಪು. ಮೊದಲು ಅದು ಮೈತುಂಬ ಹೊದ್ದು ಸೊಂಟಕ್ಕೆ ಪಟ್ಟಿ ಬಿಗಿಯುವ ಉದ್ದನೆಯ ಉಣ್ಣೆ ಬಟ್ಟೆಯಾಗಿತ್ತು. ಹದಿನೆಂಟನೆಯ ಶತಮಾನದಲ್ಲಿ ಕಬ್ಬಿಣದ ಕುಲುಮೆ ನಡೆಸುತ್ತಿದ್ದ ಥಾಮಸ್ ರಾಲಿನ್‌ಸನ್ ಎಂಬ ಇಂಗ್ಲಿಷ್ ಉದ್ಯಮಿ, ತನ್ನ ಕೆಲಸಗಾರರಿಗೆ ತೊಡಕಾಗದಿರಲೆಂದು ಮೇಲಿನ ಭಾಗವನ್ನು ಬೇರ್ಪಡಿಸಿ ಕೆಳಗಿನ ಭಾಗವನ್ನಷ್ಟೇ ಉಳಿಸಿದನೆಂಬ ಹೇಳಿಕೆಯಿದೆ. ಇದರ ಬಗ್ಗೆ ವಿದ್ವಾಂಸರಲ್ಲಿ ಭಿನ್ನಾಭಿಪ್ರಾಯವೂ ಇದೆ. ಬ್ರಿಟಿಷ್ ಸಂಸತ್ತು 1746ರ ಕಾಯಿದೆಯಿಂದ ಈ ಉಡುಪನ್ನು ನಿಷೇಧಿಸಿತು. 1782ರಲ್ಲಿ ನಿಷೇಧ ತೆರವಾಯಿತು. ಸಾಂಪ್ರದಾಯಿಕ ಕಿಲ್ಟಿಗೆ ಎಂಟು ಗಜದಷ್ಟು ಉಣ್ಣೆ ಬಟ್ಟೆ ಬೇಕು. ಬೆಲೆಯೂ ಭಾರ, ತೂಕವೂ ಭಾರ. 2000ರಲ್ಲಿ ಅಮೆರಿಕದ ಸಿಯಾಟಲ್ ನಗರದಲ್ಲಿ ಆರಂಭವಾದ ಯುಟಿಲಿಕಿಲ್ಟ್ಸ್ ಎಂಬ ಸಂಸ್ಥೆ ಉಣ್ಣೆಯನ್ನು ಬಿಟ್ಟು ಹತ್ತಿಯಂಥ ಬಟ್ಟೆಯಲ್ಲಿ, ಕಿಸೆಗಳನ್ನಿಟ್ಟು, ದುಡಿಯುವವರಿಗಾಗಿ ಕಿಲ್ಟ್ ಹೊಲಿಯಿತು. ಇನ್ನೂ ಹಗುರಾದ ಬಟ್ಟೆಯವು ದೂರದ ನಡಿಗೆಗೆಂದು ಬಂದವು.

ನಡೆಯುವವರು ಕೊಡುವ ಕಾರಣಗಳು ಸರಳ. ಗಾಳಿಯಾಡುತ್ತದೆ, ತೊಡೆ ಉಜ್ಜಿ ಹುಣ್ಣಾಗುವುದಿಲ್ಲ, ಎತ್ತರದ ಮೆಟ್ಟಿಲಿಗೆ ಕಾಲಿಡುವಾಗ ಮೊಣಕಾಲನ್ನು ಬಟ್ಟೆ ಹಿಡಿದೆಳೆಯುವುದಿಲ್ಲ, ಹಳ್ಳ ದಾಟುವಾಗ ತೋಯುವುದಿಲ್ಲ. ಇವನ್ನು ನಮ್ಮ ರೈತನಿಗಾಗಲಿ ಕುರಿಗಾಹಿಗಾಗಲಿ ಯಾರೂ ಕಲಿಸಬೇಕಾಗಿಲ್ಲ. 578ರ ಶಾಸನವಿರುವ ಬಾದಾಮಿಯ ಮೂರನೆಯ ಗುಹೆಯಲ್ಲಿ ಶಿಲ್ಪಗಳ ಉಡುಗೆ ನೋಡಿದರೂ ಸಾಕು. ಯುಗಾದಿಯ ಮುನ್ನ ಮಲ್ಲಯ್ಯನ ದರ್ಶನಕ್ಕೆ ಶ್ರೀಶೈಲದವರೆಗೆ ಪಾದಯಾತ್ರೆ ಹೋಗುವ ನಮ್ಮ ಭಾಗದ ಭಕ್ತರಲ್ಲಿ ಹಿರಿಯರು ಇಂದಿಗೂ ಧೋತರವನ್ನೋ ಲುಂಗಿಯನ್ನೋ ಮೊಣಕಾಲಿಗೆ ಎತ್ತಿ ಕಟ್ಟಿಯೇ ನಡೆಯುತ್ತಾರೆ.

ನಮ್ಮ ಲುಂಗಿಯ ಕೊರತೆ

ಹಾಗಾದರೆ ತರುಣರು ಅದನ್ನೇಕೆ ಬಿಟ್ಟರು? ಸಂಕೋಚ ಒಂದು ಕಾರಣ. 2024ರ ಜುಲೈನಲ್ಲಿ ಬೆಂಗಳೂರಿನ ಮಾಲ್ ಒಂದರಲ್ಲಿ, ಧೋತರ ಉಟ್ಟಿದ್ದರೆಂಬ ಕಾರಣಕ್ಕೆ ಹಾವೇರಿ ಜಿಲ್ಲೆಯ ರೈತರೊಬ್ಬರನ್ನು ಒಳಗೆ ಬಿಡಲಿಲ್ಲ. ಆ ಮಾಲನ್ನು ಏಳು ದಿನ ಮುಚ್ಚಿಸುವುದಾಗಿ ಸರ್ಕಾರ ವಿಧಾನಸಭೆಯಲ್ಲಿ ಪ್ರಕಟಿಸಬೇಕಾಯಿತು. ತಮಿಳುನಾಡಿನಲ್ಲಿ ಇಂಥದೇ ಪ್ರಸಂಗದ ನಂತರ, ವೇಷ್ಟಿ ಉಟ್ಟವರಿಗೆ ಪ್ರವೇಶ ನಿರಾಕರಿಸಬಾರದೆಂದು 2014ರಲ್ಲಿ ಕಾಯಿದೆಯನ್ನೇ ಮಾಡಿದರು. ಕಾಯಿದೆಯಷ್ಟೇ ಅಲ್ಲ, ಅಲ್ಲಿಯ ತಯಾರಕರು ಸೊಂಟಕ್ಕೆ ಅಂಟುಪಟ್ಟಿ ಹಾಗೂ ಕಿಸೆ ಇರುವ ಸಿದ್ಧ ವೇಷ್ಟಿಗಳನ್ನು ಮಾರುಕಟ್ಟೆಗೆ ತಂದು ತರುಣರನ್ನು ಮರಳಿ ಸೆಳೆದರು.

ಎರಡನೆಯ ಕಾರಣ ಸರಕಿನದೇ ದೋಷ. ಲುಂಗಿ ಸಡಿಲಗೊಳ್ಳುತ್ತದೆ. ಮೊಬೈಲ್ ಇಡಲು ಕಿಸೆಯಿಲ್ಲ. ಬಂಡೆಯ ಮೇಲೆ ಅಂಚು ಕಾಲಿಗೆ ತೊಡರುತ್ತದೆ. ಹಗ್ಗ ಕಟ್ಟಿಕೊಂಡು ಬಂಡೆ ಏರುವವರಿಗೆ ಲುಂಗಿಯೂ ಆಗದು, ಕಿಲ್ಟೂ ಆಗದು. ಅದು ಬಂಡೆಯ ಬುಡದವರೆಗಿನ ನಡಿಗೆಯ ಉಡುಪು. ಜಾಲಿಮುಳ್ಳಿನ ದಾರಿಯಲ್ಲಿ ಬರಿಗಾಲಿಗೆ ಪ್ಯಾಂಟೇ ಲೇಸು. ಇವನ್ನು ಒಪ್ಪಿಕೊಂಡೇ ಮುಂದುವರಿಯಬೇಕು. ಗಿರಾಕಿಗೆ ಸುಳ್ಳು ಹೇಳಿ ಮಾರಿದ ಸರಕು ಎರಡನೆಯ ಸಲ ಮಾರಾಟವಾಗುವುದಿಲ್ಲ.

ಒಂದು ಲುಂಗಿಯಲ್ಲಿ ಎರಡು

ನಾನು ಕೊಂಡ ಲುಂಗಿಯನ್ನು ಪರಿಚಯದ ದರ್ಜಿಯ ಮುಂದೆ ಹಾಸಿದೆ. ಉದ್ದ ಎರಡು ಮೀಟರ್, ಅಗಲ ಸುಮಾರು 120 ಸೆಂಟಿಮೀಟರ್. ಮೊಣಕಾಲಿನವರೆಗಿನ ಉಡುಪಿಗೆ 60 ಸೆಂಟಿಮೀಟರ್ ಸಾಕು. ಮಧ್ಯದಲ್ಲಿ ಉದ್ದಕ್ಕೂ ಕತ್ತರಿಸಿದರೆ ಎರಡಾಗುತ್ತದೆ. ಕತ್ತರಿಸಿದ ಬದಿ ಸೊಂಟಪಟ್ಟಿಯೊಳಗೆ ಅಡಗುತ್ತದೆ, ಮಗ್ಗದ ಅಂಚು ಎರಡಕ್ಕೂ ಕೆಳಗೆ ಬರುತ್ತದೆ. ಕೆಳಗೆ ಮಡಿಸಿ ಹೊಲಿಯುವ ಕೂಲಿಯೂ ಉಳಿಯಿತು. ಬಟ್ಟೆಯ ಖರ್ಚು ಅರ್ಧ. ಉಳಿದದ್ದು ಸೊಂಟಪಟ್ಟಿ, ಗುಂಡಿ, ಕಿಸೆಗಳ ಬಟ್ಟೆ ಮತ್ತು ಹೊಲಿಗೆ. ಒಂಬತ್ತು ಸಾವಿರ ಬೇಡ, ಒಂಬೈನೂರಕ್ಕೆ ಮಾರಿದರೂ ನೇಕಾರ, ದರ್ಜಿ, ವರ್ತಕ ಮೂವರಿಗೂ ಪಾಲು ಉಳಿಯುತ್ತದೆಂದು ನನ್ನ ಲೆಕ್ಕ ಹೇಳುತ್ತದೆ.

ವೃತ್ತಿಧರ್ಮಕ್ಕನುಗುಣವಾಗಿ ಮೂರು ಎಚ್ಚರಿಕೆ ಹೇಳಬೇಕು. ಮೊದಲನೆಯದು, 1985ರ ಕೈಮಗ್ಗ ಮೀಸಲಾತಿ ಕಾಯಿದೆ. ನಿರ್ದಿಷ್ಟ ಬಗೆಯ ಧೋತರ ಮತ್ತು ಲುಂಗಿಗಳು ಕೈಮಗ್ಗಕ್ಕೆ ಮೀಸಲು. ವಿದ್ಯುತ್ ಮಗ್ಗದವರು ನೇಯ್ಗೆ ಆರಂಭಿಸುವ ಮೊದಲೇ ಕೈಮಗ್ಗ ಮತ್ತು ಜವಳಿ ಇಲಾಖೆಯಿಂದ ಲಿಖಿತ ಸ್ಪಷ್ಟನೆ ಪಡೆಯುವುದು ಒಳ್ಳೆಯದು. ಎರಡನೆಯದು, ಸರಕು ಮತ್ತು ಸೇವಾ ತೆರಿಗೆ. 2025ರ ಸೆಪ್ಟೆಂಬರ್ 22ರಿಂದ, ನಗಕ್ಕೆ 2,500 ರೂಪಾಯಿ ಮೀರದ ಸಿದ್ಧ ಉಡುಪಿಗೆ ಶೇ. 5, ಮೀರಿದರೆ ಶೇ. 18. ಅಂದರೆ 2,500ಕ್ಕೆ ಮಾರಿದರೆ ತೆರಿಗೆ 125 ರೂಪಾಯಿ. 2,600ಕ್ಕೆ ಮಾರಿದರೆ 468. ಬೆಲೆ ನಿಗದಿ ಮಾಡುವಾಗ ಈ ಗೆರೆ ನೆನಪಿರಲಿ. ರಾಜಿ ತೆರಿಗೆ ಪದ್ಧತಿಯಲ್ಲಿರುವವರು ಹೊರರಾಜ್ಯಕ್ಕೆ ಮಾರುವಂತಿಲ್ಲ ಎಂಬುದೂ ನೆನಪಿರಲಿ. ಮೂರನೆಯದು, ಹೆಸರು. ಇಳಕಲ್ಲ ಸೀರೆಗೆ ದೊರೆತ ಭೌಗೋಳಿಕ ಸೂಚಕ ಮಾನ್ಯತೆ ಸೀರೆಗೇ ಹೊರತು ನಮ್ಮ ಹೊಸ ಉಡುಪಿಗಲ್ಲ. ಕೈಮಗ್ಗದ ಬಟ್ಟೆಯಾದರೆ, 2006ರಿಂದ ಜಾರಿಯಲ್ಲಿರುವ ಹ್ಯಾಂಡ್‌ಲೂಮ್ ಮಾರ್ಕನ್ನು ಕ್ರಮಪ್ರಕಾರ ಪಡೆದು ಹಚ್ಚಬಹುದು.

ಇದರಿಂದ ಜಿಲ್ಲೆಯ ಮಗ್ಗಗಳೆಲ್ಲ ಉದ್ಧಾರವಾಗುತ್ತವೆಂದು ನಾನು ಹೇಳಲಾರೆ. ಆದರೆ ಒಂದೇ ಸರಕನ್ನು ನಂಬಿದ ನೇಕಾರನ ಲೆಕ್ಕಪುಸ್ತಕವನ್ನು ನಾನು ಮೂವತ್ತು ವರ್ಷದಿಂದ ನೋಡುತ್ತಿದ್ದೇನೆ. ಮದುವೆಯ ಹಂಗಾಮು ಮುಗಿದ ತಿಂಗಳುಗಳಲ್ಲಿ ಜಮಾ ಬದಿ ಖಾಲಿ, ಖರ್ಚಿನ ಬದಿಯಲ್ಲಿ ಸಾಲದ ಬಡ್ಡಿ. ಆ ಖಾಲಿ ತಿಂಗಳುಗಳಲ್ಲಿ ಮಗ್ಗಕ್ಕೆ ಇನ್ನೊಂದು ಕೆಲಸವಿದ್ದರೆ ಅವನ ಮಗ ಗೋವೆಗೋ ಬೆಂಗಳೂರಿಗೋ ದುಡಿಯಲು ಹೋಗುವ ಮುನ್ನ ಒಂದು ಸಲ ಯೋಚಿಸಿಯಾನು.

ಆದುದರಿಂದ ನನ್ನ ಸಲಹೆ ಚಿಕ್ಕದು. ನಮ್ಮ ಸಂಸ್ಥೆಯು ಇಬ್ಬರು ನೇಕಾರರು, ಇಬ್ಬರು ದರ್ಜಿಗಳು, ಬಾದಾಮಿಯ ಒಬ್ಬ ವಸತಿಗೃಹದ ಮಾಲೀಕರು ಹಾಗೂ ಬೆಟ್ಟದ ದಾರಿ ತೋರಿಸುವ ಒಬ್ಬ ತರುಣನನ್ನು ಒಂದೆಡೆ ಕೂಡಿಸಲಿ. ಐವತ್ತು ನಗ ಮಾತ್ರ ಹೊಲಿಸೋಣ. ನೇಕಾರರ ಕುಲದೇವತೆಯಾದ ಬನಶಂಕರಿಯ ಜಾತ್ರೆಯಲ್ಲಿ ಅರ್ಧ, ಬಾದಾಮಿಯ ವಸತಿಗೃಹಗಳಲ್ಲಿ ಅರ್ಧ ಇಟ್ಟು ನೋಡೋಣ. ಮಾರಾಟವಾಗದಿದ್ದರೆ ನಷ್ಟ ಐವತ್ತು ನಗಕ್ಕೆ ಸೀಮಿತ. ವೆಚ್ಚಪಟ್ಟಿ ಹಾಗೂ ತೆರಿಗೆಯ ಕಾಗದಪತ್ರಗಳನ್ನು ನಾನು ಶುಲ್ಕವಿಲ್ಲದೆ ಮಾಡಿಕೊಡುತ್ತೇನೆ. ಮೊದಲ ನಗವನ್ನು ಪೂರ್ಣ ಬೆಲೆ ಕೊಟ್ಟು ಕೊಳ್ಳುವವನೂ ನಾನೇ. ಕುಳಗೇರಿ ಕ್ರಾಸಿನ ಹಿರಿಯರು ಎಷ್ಟಾದರೂ ನಗಲಿ.